ಅಡಿವೆವ್ವನ ಮುಯ್ಯಿ

ಚಿಕ್ಕೇರೂರಿನ ಅಡಿವೆವ್ವ ಹಿರೇಕೆರೂರಿನ ಕಚೇರಿಗೆ ಅಲೆದಲೆದು, ತನ್ನ ಓಣಿಯ ಹೆಣ್ಣುಮಕ್ಕಳಿಗೆ ಸರಕಾರ ಗೊತ್ತುಮಾಡಿದ ಕೂಲಿಯನ್ನೇ ಕೊಡಿಸಿದ್ದಳು. ಅದಾದ ಮೇಲೆ ಗೌಡರು ಆ ಓಣಿಯವರನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟರು. ಓಣಿಯವರು ಗೌಡರನ್ನು ಬಿಟ್ಟು ಇವಳ ಮೇಲೆ ಮುನಿಸಿಕೊಂಡರು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು ತೀರಿಸುವ ಮುಯ್ಯಿಗೂ ಅವಳನ್ನು ಸೇರಿಸಲಿಲ್ಲ. ಮೊದಲು ಅವರ ಹೊಲಗಳಲ್ಲಿ ಅವಳು ದುಡಿದ ದಿನಗಳು ಬಾಕಿಯೇ ಉಳಿದವು. ಎರಡು ಮಳೆಗಾಲ ಒಬ್ಬಳೇ ಕಳೆ ಕಿತ್ತಳು.

೧೯೮೫ರಲ್ಲಿ ಧಾರವಾಡದ ಒಂದು ಸಂಸ್ಥೆ, ಹಳ್ಳಿಗಳಲ್ಲಿ ಜನರ ಹಕ್ಕಿಗಾಗಿ ಓಡಾಡುವವರಿಗೆ ತರಬೇತಿ ಕೊಡುತ್ತದೆಂದು ತಿಳಿದು ಅರ್ಜಿ ತಂದಳು. ಇವಳ ಕೆಲಸ ಬಲ್ಲೆವೆಂದು ಊರಿನ ಇಬ್ಬರು ಅದರಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು. ಪಕ್ಕದ ಮನೆಯ ಶಾರವ್ವನನ್ನು ಕೇಳಿದಳು.

“ನಾ ಒಲ್ಲೆವ್ವಾ. ಗೌಡ್ರಿಗೆ ಗೊತ್ತಾದ್ರ?” ಎಂದು ಬಾಗಿಲು ಮುಂದೆ ಮಾಡಿದ ಶಾರವ್ವ, ಮತ್ತೆ ತೆರೆದು ಕೇಳಿದಳು: “ಎಷ್ಟು ದಿನದ್ದದು?”

“ಒಂದು ವರ್ಷ. ಅಲ್ಲೇ ಇರಬೇಕು.”

“ಹಂಗಾದ್ರ ತಾ ಇಲ್ಲೆ, ಒತ್ತತೇನಿ.”

ಸಂಜೆಯೊಳಗೆ ಓಣಿಗೆ ಓಣಿಯೇ ಬಂದು ಒತ್ತಿತು. ಇಬ್ಬರಿಗೆಂದು ಬಿಟ್ಟ ಜಾಗ ಸಾಲದೆ ಅರ್ಜಿಯ ಅಂಚೆಲ್ಲ ಮಸಿಯಾಯಿತು. ಅಡಿವೆವ್ವನಿಗೆ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಅವರೆಲ್ಲ ಅವಳ ಹೊಲದಲ್ಲಿದ್ದರು. ಎಷ್ಟೋ ದಿನಗಳ ಮೇಲೆ ಅಲ್ಲಿ ಮಾತು, ನಗು ಕೇಳಿತು. ತಾನೂ ಒಂದು ಸಾಲು ಹಿಡಿಯಲು ಹೋದಾಗ ಶಾರವ್ವ ತಡೆದಳು.

“ನೀ ಬದುವಿನ ಮ್ಯಾಲ ಕುಂದ್ರವ್ವಾ. ನೀ ಹೋಗೂದ್ರೊಳಗ ನಿನ್ನ ಮುಯ್ಯಿ ತೀರಿಸಿಬಿಡ್ತೇವಿ. ಆಮ್ಯಾಲ ನೀ ತಿರುಗಿ ಬರದಿದ್ರೂ ನಡೀತೈತಿ.”