ಚೆನ್ನವ್ವ ಹಚ್ಚಿದ ಕಬ್ಬಿನ ಸಸಿ

ಗಡಹಿಂಗ್ಲಜ ಹತ್ತಿರದ ಹಳ್ಳಿಯಲ್ಲಿ ಚೆನ್ನವ್ವನದು ಒಂದೇ ಎಕರೆ ಹೊಲ. ಗಂಡ ಯಲಗೂರಪ್ಪ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಾನೆ, ವಾರದ ಸುಟ್ಟಿಗಷ್ಟೇ ಮನೆಗೆ ಬರುತ್ತಾನೆ. ಹೀಗಾಗಿ ಹೊಲದ ದುಡಿತವೆಲ್ಲ ಅವಳದೇ. ಆದರೆ ಹೊಸದೇನಾದರೂ ಹಾಕಬೇಕೆಂದರೆ ಮೈದುನ ಲಗಮಣ್ಣನನ್ನು ಕೇಳಬೇಕು. ಬಾವಿಯ ಮೋಟಾರು ಅವನ ಕೈಯಲ್ಲಿತ್ತು.

ಪ್ರತಿ ಸಲ ಹಳೇ ಕಬ್ಬನ್ನೇ ತುಂಡು ಮಾಡಿ ಹೂಳುತ್ತಿದ್ದರು. ಅರ್ಧಕ್ಕರ್ಧ ಮೊಳೆಯುತ್ತಲೇ ಇರಲಿಲ್ಲ. ಸುಧಾರಿತ ತಳಿಯ ಸಸಿ ನೆಡಿರೆಂದು ಕೃಷಿ ಇಲಾಖೆಯ ಸಾಹೇಬರೊಬ್ಬರು ಬಂದು ಭಾಷಣ ಮಾಡಿದಾಗ ಊರವರು ಚಹಾ ಕುಡಿದು ಎದ್ದು ಬಂದಿದ್ದರು. ಚೆನ್ನವ್ವನೂ ಅಷ್ಟೇ.

ಆ ಚಳಿಗಾಲ ಮದುವೆಗೆಂದು ಜಯಸಿಂಗಪುರಕ್ಕೆ ಹೋದವಳು ದಾರಿಬದಿಯಲ್ಲಿ ದಟ್ಟವಾಗಿ ಬೆಳೆದ ಒಂದು ಕಬ್ಬಿನ ಹೊಲ ಕಂಡು ನಿಂತೇಬಿಟ್ಟಳು. ಹೊಲದೊಡತಿ ಮಾಣಿಕಬಾಯಿ ನಕ್ಕಳು.

"ದೂರ ಯಾಕ ನಿಂತಿ? ಒಳಗ ಬಾರವ್ವ, ಕೈ ಹಚ್ಚಿ ನೋಡು."

ಸಾಹೇಬರು ಹೇಳಿದ್ದಂಥ ಸಸಿಯನ್ನೇ ನೆಟ್ಟ ಹೊಲ ಅದು. ಅವಳು ಬುಡದ ಮಣ್ಣು ಸರಿಸಿ ತೋರಿಸಿದಳು. ಒಂದೇ ಸಸಿಗೆ ಗುಂಪು ಗುಂಪಾಗಿ ಮರಿಕಬ್ಬು ಒಡೆದಿದ್ದವು! ಚೆನ್ನವ್ವನಿಗೆ ಮದುವೆಯ ಊಟವೇ ಮರೆತುಹೋಯಿತು.

ಊರಿಗೆ ಬಂದವಳೇ ಮೈದುನನ ಮುಂದೆ ನಿಂತಳು. "ಲಗಮಣ್ಣ, ಈ ಸಲ ಸಸಿ ಹಚ್ಚೂಣು."

"ಕಬ್ಬಂದ್ರ ಬದನಿಕಾಯಿ ಅಗಿ ಏನ್ರಿ ವೈನಿ, ಕಿತ್ತು ತಂದು ಹಚ್ಚಾಕ? ಎಲ್ಲಾ ಒಣಗಿ ಹೋಕ್ಕಾವು."

"ಹಂಗಾರ ಒಂದು ಮೂಲ್ಯಾಗ ಅಷ್ಟ ಹಚ್ಚತೇನಿ. ಉಳದದ್ದು ನೀ ಹೇಳಿದ್ಹಂಗ."

ಅವನು ಒಪ್ಪಿದ. ಮಾಣಿಕಬಾಯಿಗೆ ಸಸಿ ಬೆಳೆಸಿಕೊಟ್ಟವನಿಂದಲೇ ಚೆನ್ನವ್ವ ಸಸಿ ತರಿಸಿದಳು. ಸಸಿ ನೆಟ್ಟು ಮುಗಿಸಿದ ದಿನವೇ ಮೋಟಾರು ಸುಟ್ಟುಹೋಯಿತು! ಬಿಸಿಲು ಏರುತ್ತಿತ್ತು, ಎಳೆ ಗರಿಗಳು ಬಾಡತೊಡಗಿದವು. ಚೆನ್ನವ್ವ ಓಣಿಯ ತುಂಬ ಓಡಿದಳು.

"ಕೊಡ ತಗೊಂಡು ಬರ್ರೆವಾ, ಲಗೂನ ಬರ್ರಿ!"

ಕಬ್ಬಿಗೂ ಸಸಿಯೇ ಎಂದು ನೆಡುವಾಗ ಅವಳನ್ನು ನೋಡಿ ನಕ್ಕಿದ್ದ ಹೆಂಗಸರೇ ಸೆರಗು ಕಟ್ಟಿಕೊಂಡು ಹಳ್ಳದಿಂದ ನೀರು ಹೊತ್ತರು. ಅಷ್ಟರಲ್ಲಿ ಲಗಮಣ್ಣ ಬೈಕಿಗೆ ನೀರಿನ ಕ್ಯಾನು ಕಟ್ಟಿಕೊಂಡು ಬಂದ. "ಹಚ್ಚಿದ ಮ್ಯಾಲ ಸಾಯಾಕ ಬಿಡಾಕ ಬರ್ತೈತೇನ್ರಿ?" ಎನ್ನುತ್ತ ತಾನೇ ಬುಡಬುಡಕ್ಕೂ ಸುರಿದ.

ಮಳೆಗಾಲ ಹಿಡಿಯುವ ಹೊತ್ತಿಗೆ ಆ ಮೂಲೆಯೇ ಬೇರೆ, ಉಳಿದ ಹೊಲವೇ ಬೇರೆ! ಸುಟ್ಟಿಗೆ ಬಂದ ಯಲಗೂರಪ್ಪ ಬದುವಿನ ಮೇಲೆ ಬೆರಗಾಗಿ ನಿಂತ. "ಏ, ಇದು ನಮ್ಮ ಹೊಲಾನ ಏನ?"

ಲಗಮಣ್ಣ ಸಾಲಿನೊಳಗಿಂದ ಕೂಗಿದ. "ವೈನಿ, ಮುಂದಿನ ಸಲ ನನ್ನ ಹೊಲಕ್ಕೂ ಇದನ್ನ ತರಸ್ರಿ!"

ಸಸಿ ಬೆಳೆಸುವವನಿಗೆ ಚೆನ್ನವ್ವ ಫೋನ್ ಹಚ್ಚಿದಾಗ ನೀರು ಹೊತ್ತ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ನಂದೂ ಬರಸವ್ವ, ನಂದೂ ಹೇಳವ್ವ ಎಂಬ ಗದ್ದಲದಲ್ಲಿ ಆಚೆಯವನ ಮಾತೇ ಕೇಳಿಸಲಿಲ್ಲ.

"ಒಬ್ಬೊಬ್ಬರ ಮಾತಾಡ್ರೆ!" ಎಂದು ಗದರಿಸಹೋಗಿ ಅವಳೇ ನಕ್ಕುಬಿಟ್ಟಳು.