ಕೆಳರೆಪ್ಪೆ ಎಳೆದು ನೋಡಿದವರು

1979ರ ಸೆಪ್ಟೆಂಬರ್, ಒಂದು ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ತಿಪಟೂರಿನಲ್ಲಿ ಡಾಕ್ಟರಮ್ಮನ ಸಣ್ಣ ಆಸ್ಪತ್ರೆ. ಇದ್ದವರು ನನ್ನ ತಾಯಿ, ನನ್ನ ಹೆಂಡತಿ, ಅವಳ ಮಡಿಲಲ್ಲಿ ಆರು ವರ್ಷದ ನಮ್ಮ ಮಗಳು, ಮತ್ತು ನಾನು.

ಡಾಕ್ಟರಮ್ಮ ಕಿಟಕಿಯ ಪಕ್ಕದ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದರು. ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ಕೆಂಪು ಗುರುತಿತ್ತು. ಆ ಗುರುತಿಲ್ಲದ ಅವರ ಮುಖವನ್ನು ನಾನು ಕಂಡದ್ದೇ ಕಡಿಮೆ. ಯಾರು ಯಾವ ಕಾಯಿಲೆ ಹೇಳಿಕೊಂಡು ಬಂದರೂ ಮೊದಲು ಮಲಪರೀಕ್ಷೆ, ಆಮೇಲೆ ಔಷಧಿ. ಪೇಟೆಯ ಹುಡುಗರು ಬೆನ್ನ ಹಿಂದೆ ಅವರನ್ನು 'ಹೇಲು ಡಾಕ್ಟ್ರು' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. "ಹಣೆ ಮೇಲೆ ಬರೆದಿರಲ್ಲಪ್ಪ, ಅಲ್ಲೇ ಬರೆದಿರುತ್ತೆ" ಎಂದು ನಗುತ್ತಿದ್ದರು.

ಅಂದು ನಗಲಿಲ್ಲ. ಮಗಳ ಮುಖ ಎಳನೀರಿನ ಗಂಜಿಯ ಬಣ್ಣಕ್ಕೆ ಇಳಿದಿತ್ತು. ಪಾದ ಊದಿತ್ತು. ಕತ್ತಿನ ನರ ಹಾರುವುದು ದೂರಕ್ಕೂ ಕಾಣುತ್ತಿತ್ತು. ಹಿಂದೆ ತೋರಿಸಿದ್ದ ವೈದ್ಯರೊಬ್ಬರು ಟಾನಿಕ್ ಬರೆದು, ವಾಸಿಯಾಗದಿದ್ದರೆ ರಕ್ತದ ಕ್ಯಾನ್ಸರ್ ಇರಬಹುದು ಎಂದಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಕೆಲಸದಲ್ಲಿ ಗಂಟೆ ಬಾರಿಸಿದರೂ ಬೆಚ್ಚುವ ಸ್ಥಿತಿಗೆ ಬಂದಿದ್ದೆ. ಡಾಕ್ಟರಮ್ಮನನ್ನು ಹೊರಗೆ ಕರೆದು ಹೇಳಿದೆ.

"ಮೊದಲು ನೋಡೋಣ, ಆಮೇಲೆ ಹೆದರೋಣ" ಎಂದು ಖಾಲಿ ಬೆಂಕಿಪೊಟ್ಟಣ ಕೊಟ್ಟರು, ಮಗುವಿನ ಮಲ ತರಲು.

ನನ್ನ ತಾಯಿ ಸಿಡಿದರು. "ಮಗಿನ ಎದೆ ಹಂಗೆ ಬಡ್ಕತೈತೆ, ಈಯಮ್ಮ ಹೇಲು ತಾ ಅಂತಾಳಲ್ಲ! ಇವಳ್ನ ನಂಬ್ಕಂಡು ಬಂದ್ಯಲ್ಲೋ!"

ಡಾಕ್ಟರಮ್ಮ ಕೇಳಿಸಿಕೊಂಡರು. ಬೇಸರಿಸಲಿಲ್ಲ. "ಅಜ್ಜಿ, ಮಗು ಮಣ್ಣು ತಿನ್ನುತ್ತಾ?"

ತಾಯಿ ಸೊಸೆಯ ಕಡೆ ನೋಡಿದರು. ಹೆಂಡತಿಯೇ ಹೇಳಿದಳು, "ಗೋಡೆ ಕೆರ್ಕಂಡು ತಿಂತಾಳೆ, ಮೇಡಂ. ಎಷ್ಟು ಹೊಡುದ್ರೂ ಬಿಡಲ್ಲ."

"ಹೊಡೀಬೇಡಿ. ರಕ್ತ ಇಲ್ಲದ ಮಕ್ಕಳು ಹಾಗೆ ತಿಂತವೆ."

ಮಲ ತಂದುಕೊಟ್ಟ ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು ಮೈಕ್ರೋಸ್ಕೋಪಿನಲ್ಲಿ ನೋಡಿಸಿದರು. ತೆಳು ಗಾಜಿನಂಥ ಸಿಪ್ಪೆ, ಒಳಗೆ ಬೂದು ಬಣ್ಣದ ಪುಟ್ಟ ಉಂಡೆಗಳು. ಅಂಥವು ಎಲ್ಲೆಲ್ಲೂ. "ಕೊಕ್ಕೆಹುಳದ ಮೊಟ್ಟೆ. ಹುಳಗಳು ಕರುಳು ಕಚ್ಚಿಕೊಂಡು ರಕ್ತ ಹೀರ್ತಿವೆ. ಕ್ಯಾನ್ಸರ್ ಗುರುತು ನನಗೇನೂ ಕಾಣ್ತಿಲ್ಲ." ಅವರು ಅಲ್ಲಿಗೇ ನಿಲ್ಲಿಸಲಿಲ್ಲ. "ಆದರೆ ರಕ್ತ ಎಷ್ಟು ಇಳಿದಿದೆ ಅಂದ್ರೆ, ಹೃದಯ ಇವತ್ತೇ ಸೋಲಬಹುದು."

ಅವರು ತಾಯಿಯ ಕಡೆ ತಿರುಗಿದರು. "ಬೆಳಗ್ಗೆ ಚೊಂಬು ಹಿಡ್ಕೊಂಡು ಎಲ್ಲಿಗೆ ಹೋಗ್ತೀರಿ?"

"ಇನ್ನೆಲ್ಲಿಗವ್ವ, ತೋಟದ ಬೇಲಿ ಮಗ್ಗುಲಿಗೆ."

"ಮಗು?"

"ಅಲ್ಲೇಯ."

"ಚಪ್ಪಲಿ?"

"ತೋಟದೊಳಿಕ್ಕೆ ಮೆಟ್ಟಾಕ್ಕಂಡು ಹೋಯ್ತಾರೇನವ್ವ! ತೆಂಗಿನ್ಮರ ಅಂದ್ರೆ ದೇವ್ರಲ್ವಾ?"

ಹಾಲ್ಕುರಿಕೆ ಕಡೆಯ ನಮ್ಮ ಮನೆಯಲ್ಲಿ ಅದು ಕಟ್ಟುನಿಟ್ಟು. ಚಪ್ಪಲಿ ತೋಟದ ಬಾಗಿಲಲ್ಲೇ ಉಳಿಯಬೇಕು, ಮಗುವಿನದೂ. ನೀರು ಬಿಟ್ಟ ಪಾತಿಗಳ ತೇವದಲ್ಲಿ ಅವಳು ದಿನವಿಡೀ ಆಡುತ್ತಿದ್ದಳು.

"ದೇವರು ಅಂತ ಚಪ್ಪಲಿ ಬಿಟ್ಟು ಹೋಗ್ತೀರಿ, ಹೋಗಿ ಅಲ್ಲೇ ಕೂರ್ತೀರಿ" ಎಂದರು ಡಾಕ್ಟರಮ್ಮ. "ಆ ಮೊಟ್ಟೆ ತೇವದ ಮಣ್ಣಲ್ಲಿ ಮರಿಯಾಗಿ, ಬರಿಗಾಲಿನ ಚರ್ಮ ತೂರಿ ಮೈಗೆ ಸೇರುತ್ತೆ. ದೊಡ್ಡವರು ವರ್ಷಗಟ್ಟಲೆ ಸುಸ್ತು ಅಂತ ಓಡಾಡ್ಕೊಂಡಿರ್ತಾರೆ. ಮಗು ತಡೆಯಲ್ಲ."

ನನ್ನ ರಕ್ತ ತೆಗೆದುಕೊಳ್ಳಿ ಎಂದೆ. ಅವರು ನನ್ನ ಕೆಳರೆಪ್ಪೆ ಎಳೆದು ನೋಡಿದರು. ಹೆಂಡತಿಯದು, ತಾಯಿಯದು. ಎಲ್ಲರದೂ ಬಿಳಿಚಿತ್ತು. "ಇದು ಮಗುವಿನ ಕಾಯಿಲೆಯಲ್ಲ, ಮನೆ ಕಾಯಿಲೆ. ನಿಮಗೇ ಇಲ್ಲ, ಅವಳಿಗೇನು ಕೊಡ್ತೀರಿ?"

ಅಷ್ಟು ಭಯ ನನಗೆ ಮತ್ತೆಂದೂ ಆಗಿಲ್ಲ. ರಕ್ತ ಸಂಬಂಧದವರು ಮೂವರು ನಿಂತಿದ್ದೆವು, ಒಬ್ಬರ ರಕ್ತವೂ ಕೆಲಸಕ್ಕೆ ಬರಲಿಲ್ಲ.

ಡಾಕ್ಟರಮ್ಮ ಕಿಟಕಿಯಿಂದಲೇ ಎದುರಿನ ಟೈಲರ್ ಸಾಹೇಬರನ್ನು ಕೂಗಿದರು. ಅವರು ಟೇಪು ಕತ್ತಿನಲ್ಲಿದ್ದಂತೆಯೇ ಬಂದರು. ವಿಷಯ ಕೇಳಿ ತೋಳು ಮಡಚಿದರು. "ತಗೊಳ್ಳಿ ಅಮ್ಮಾ. ಅಳತೆ ಮಾತ್ರ ಸರಿಯಾಗಿ ತಗೊಳ್ಳಿ, ಸಂಜೆಗೆ ಎರಡು ಪ್ಯಾಂಟ್ ಕೊಡೋದಿದೆ." ಪರೀಕ್ಷಿಸಿದಾಗ ರಕ್ತದ ಗುಂಪು ಹೊಂದಿತು.

ಆದರೆ ಬಾಟಲಿಯಿಂದ ರಕ್ತ ಮಗುವಿನ ಮೈಗೆ ತೀರಾ ಬೇಗ ಹರಿದರೂ ಆ ಹೃದಯ ನಿಲ್ಲಬಹುದಿತ್ತು. ಮಿಕ್ಕ ರೋಗಿಗಳನ್ನು ನಾಳೆ ಬರಲು ಹೇಳಿ, ಡಾಕ್ಟರಮ್ಮ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತರು. ಒಂದು ಕೈ ನಳಿಕೆಯ ಮೇಲೆ, ಇನ್ನೊಂದು ಮಗುವಿನ ನಾಡಿಯ ಮೇಲೆ. ಮಧ್ಯಾಹ್ನ ಉಸಿರು ಗೊರಗುಟ್ಟಿದಾಗ ನಳಿಕೆ ಬಿಗಿದು, ಒಂದು ಇಂಜೆಕ್ಷನ್ ಕೊಟ್ಟು ಕಾದರು. ಮತ್ತೆ ಹನಿಹನಿಯಾಗಿ ಬಿಟ್ಟರು. ಊಟಕ್ಕೆ ಏಳಲಿಲ್ಲ. ಅವರು ಕುಳಿತ ರೀತಿ ನೋಡಿಯೇ ನಮಗೆ ಉಸಿರು ಬರುತ್ತಿತ್ತು.

"ನಾನೇ ಕಣವ್ವ ಮೆಟ್ಟು ಬಿಡುಸ್ತಿದ್ದೋಳು" ಎಂದು ತಾಯಿ ಅತ್ತರು.

"ಅಳೋದಲ್ಲ ಅಜ್ಜಿ. ಹುಳದ ಔಷಧಿ ಅವಳು ಚೇತರಿಸಿಕೊಂಡ ಮೇಲೆ. ನೀವು ಮೂವರೂ ನಾಳೆ ಬೆಂಕಿಪೊಟ್ಟಣ ತನ್ನಿ."

ಡಾಕ್ಟರಮ್ಮ ತೀರಿಕೊಂಡು ಈಗ ಬಹಳ ವರ್ಷವಾಯಿತು. ಆಗ ಮಗಳೇ ಹೋಗಿ ಹೂವಿಟ್ಟು ಬಂದಳು. ಅವರ ಋಣ ನಾವು ತೀರಿಸಬಹುದಾದದ್ದಾಗಿರಲಿಲ್ಲ.

ಆ ಮಂಗಳವಾರ ಸಂಜೆ ಬೆಳಕಿರುವಾಗಲೇ ಬಾಟಲಿ ಮುಗಿಯಿತು. ಸೂಜಿ ತೆಗೆದು, ಹತ್ತಿ ಇಟ್ಟು, ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು, "ಒತ್ತಿ ಹಿಡೀರಿ" ಎಂದರು. ತುಸು ಹೊತ್ತಿಗೆ ಅವರೇ ಬೆರಳು ಸರಿಸಿ ನೋಡಿದರು. ಹತ್ತಿಯ ಮೇಲೆ ಚುಕ್ಕೆ ಮೂಡಿತ್ತು, ಒಳ್ಳೆಯ ಕೆಂಪು. ಪಟ್ಟಿ ಅಂಟಿಸಿ, ಕೈ ತೊಳೆಯಲು ಎದ್ದರು.