ಸ್ವರೂಪಾಳ ಫೋನಿನಲ್ಲಿ ಮಲಗಿದವರು

ಆರು ವರ್ಷ ನಾನು ಓಡಿಸಿದ ಬಸ್ಸಿಗೆ ಸ್ವರೂಪಾ ಕಂಡಕ್ಟರ್. ಜಹೀರಾಬಾದಿನಿಂದ ಹೊರಟು ವಿಕಾರಾಬಾದ್, ಧಾರೂರು ದಾಟಿ ತಾಂಡೂರು, ಮತ್ತೆ ವಾಪಸ್. ಈ ಆರು ವರ್ಷದಲ್ಲಿ ಅವಳು ನನ್ನ ತಲೆ ತಿಂದಷ್ಟು ನನ್ನ ಹೆಂಡತಿಯೂ ತಿಂದಿಲ್ಲ. ಅವಳಿಗೆ ಮಲಗಿದವರ ಫೋಟೋ ತೆಗೆಯುವ ಚಟ.

ಬಾಯಿ ತೆರೆದು ಗೊರಕೆ ಹೊಡೆಯುವ ಮೇಷ್ಟ್ರು, ಪಕ್ಕದವಳ ಹೆಗಲ ಮೇಲೆ ಜೊಲ್ಲು ಸುರಿಸುವ ಮುದುಕಿ, ಸೀಟಿನ ಕೆಳಗೆ ಕಾಲು ಕಟ್ಟಿಸಿಕೊಂಡು ಕಣ್ಣು ಮುಚ್ಚಿದ ಕೋಳಿ, ಬಸ್‌ಸ್ಟ್ಯಾಂಡಿನಲ್ಲಿ ವಿಚಾರಣೆ ಕಿಟಕಿಯ ಕೆಳಗೆ ಅಂಗಾತ ಬಿದ್ದ ನಾಯಿ, ಎಲ್ಲವೂ ಅವಳ ಫೋನಿನಲ್ಲಿವೆ. ಒಮ್ಮೆ ಮೋಮಿನಪೇಟೆ ದಾಟಿದ ಮೇಲೆ ಎಮ್ಮೆಯೊಂದು ರಸ್ತೆಯ ನಡುವೆ ಮಲಗಿಬಿಟ್ಟಿತ್ತು. ನಾನು ಹಾರ್ನ್ ಹೊಡೆದು ಹೊಡೆದು ರೋಸಿಹೋಗಿದ್ದೆ. ಇವಳು ಫೋನ್ ಹಿಡಿದು ಕೆಳಗಿಳಿದು, "ಹಾರ್ನ್ ಹೊಡೀಬ್ಯಾಡ್ರಿ ಅಣ್ಣಾ, ಎದ್ದುಬಿಡ್ತದ!" ಅಂದಳು. ಏಳಲಿ ಅಂತಲೇ ಹೊಡೆಯುತ್ತಿದ್ದೆ ತಾಯಿ. ಬಸ್ಸಿನ ತುಂಬ ಜನ ನಗುತ್ತಿದ್ದರು, ನನ್ನ ಟೈಮು ಹಾಳಾಗುತ್ತಿತ್ತು.

ಈ ಚಟ ಹತ್ತಿದ್ದಕ್ಕೆ ಒಂದು ಕಾರಣವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರೋ ಒಬ್ಬ ನಿದ್ದೆಯಲ್ಲಿ ತನ್ನ ಊರು ದಾಟಿ ಹೋಗಿ, ಎದ್ದವನೇ ಅವಳ ಅಪ್ಪ ಅಜ್ಜನನ್ನೆಲ್ಲ ಎಳೆದು ಬೈದನಂತೆ. ತಾನು ಕಣ್ಣು ಮುಚ್ಚಿಯೇ ಇರಲಿಲ್ಲ ಅಂತ ಆಣೆ ಬೇರೆ ಮಾಡಿದನಂತೆ. ಅವತ್ತಿನಿಂದ ಸಾಕ್ಷಿಗಿರಲಿ ಅಂತ ಫೋಟೋ ಶುರುವಾಯಿತು. ಸರಿ, ಮನುಷ್ಯರದು ಸಾಕ್ಷಿಗಾಯಿತು. ಆ ಎಮ್ಮೆ ಯಾವ ಸ್ಟಾಪಿನಲ್ಲಿ ಇಳಿಯಬೇಕಿತ್ತು? ಕೇಳಿದರೆ ಅವಳ ಉತ್ತರ ಸಿದ್ಧ: "ಎಚ್ಚರಿದ್ದಾಗ ಎಲ್ಲಾರೂ ನನ್ನ ಕೂಡ ಜಗಳಾನೇ ಮಾಡ್ತಾರ ಅಣ್ಣಾ. ಮಲ್ಗಿದಾಗಷ್ಟೇ ಇವ್ರು ಚಂದ ಕಾಣ್ತಾರ."

ಅವಳು ನ್ಯಾಲ್ಕಲ್ ಕಡೆಯ ಹಳ್ಳಿಯವಳು. ಹೊಲದ ಕೂಲಿ ಮಾಡುತ್ತಲೇ ಡಿಗ್ರಿ ಮುಗಿಸಿ ಪರೀಕ್ಷೆ ಬರೆದು ಕೆಲಸ ಹಿಡಿದವಳು. ಗಂಡ ರಾಜರತ್ನ ಪುಣೆಯಲ್ಲಿ ಕ್ರೇನ್ ನಡೆಸುತ್ತಾನೆ, ಎರಡು ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಜಹೀರಾಬಾದಿನ ಮನೆಯಲ್ಲಿ ಅತ್ತೆ ಭೂದೇವಿ, ಹತ್ತನೇ ಇಯತ್ತೆಯ ಮಗಳು ಧಮ್ಮಶೀಲಾ. ಸಕ್ಕರೆ ಕಾಯಿಲೆ ಅತ್ತೆಯ ಕಣ್ಣು ತಿಂದುಹಾಕಿದೆ. ಸಂಜೆ ಏಳಕ್ಕೆ ಮನೆ ಸೇರಿ ಅತ್ತೆಗೆ ಇನ್ಸುಲಿನ್ ಚುಚ್ಚುವುದು ಸ್ವರೂಪಾಳ ಕೆಲಸ. ಮಗಳಿಗೆ ಸೂಜಿ ಕಂಡರೆ ಕೈ ನಡುಗುತ್ತದೆ. ಹಾಗಾಗಿ ಈ ಹಗಲಿನ ರೂಟು ಅವಳಿಗೆ ಬೇಕೇ ಬೇಕು.

ಅಂಥ ರೂಟಿಗೆ ಕುತ್ತು ಬಂದದ್ದು ಈ ಏಪ್ರಿಲಿನಲ್ಲಿ.

ಹಿಂದಿನ ದಿನ ನಾರಾಯಣಖೇಡದಲ್ಲಿ ನನ್ನ ತಂಗಿ ಕೌಶಲ್ಯಾಳ ಮಗಳ ಮದುವೆ. ಊಟ, ಬೀಗರು, ಬಾಜಾ ಎಲ್ಲ ಮುಗಿಸಿ ಬೆಳಗ್ಗೆ ನೇರ ಡ್ಯೂಟಿಗೆ ಬಂದಿದ್ದೆ. "ಇವತ್ತೊಂದಿನ ರಜಾ ಹಾಕ್ರಿ ಅಣ್ಣಾ," ಅಂದಳು ಸ್ವರೂಪಾ. ಇಪ್ಪತ್ತೆರಡು ವರ್ಷ ಬಸ್ಸಿಗೆ ಒಂದು ಗೀರು ಬೀಳಿಸದ ಡ್ರೈವರ್ ನಾನು. ನನಗೆ ಬುದ್ಧಿ ಹೇಳುತ್ತೀಯಾ ಅಂತ ಗದರಿಸಿ ಸ್ಟಿಯರಿಂಗ್ ಹಿಡಿದೆ.

ನನ್ನ ಎಡಕ್ಕೆ ಬಾನೆಟ್ ಪಕ್ಕದ ಅಡ್ಡ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಮನುಷ್ಯ ಕೂತಿದ್ದ, ಧಾರೂರಿನ ಟಿಕೆಟ್ಟು. ವಿಕಾರಾಬಾದ್ ಬಿಟ್ಟೆವು. ಅನಂತಗಿರಿಯ ಇಳಿಜಾರಿನಲ್ಲಿ ಎಂದಿನ ಹಾಗೆ ಫೋನಿನ ಕ್ಲಿಕ್ ಕೇಳಿಸಿತು. ಹಿಂದೆಯೇ ಸ್ವರೂಪಾ ನನ್ನ ಕಿವಿಯ ಹತ್ತಿರ "ಅಣ್ಣಾ!" ಅಂತ ಕಿರುಚಿದಳು. ನಾನು ಬೆಚ್ಚಿಬಿದ್ದೆ.

"ಏನಾತು ನಿನಗ?"

"ಏನಿಲ್ಲರಿ. ನೀರು ಕುಡೀರಿ. ಕುಡೀರಿ ಅಂದೆ!"

ಬಾಟಲಿ ಬಾಯಿಗೆ ಹಿಡಿದಳು. ಆಮೇಲೆ ಅವಳಿಗೆ ಏನಾಯಿತೋ, ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನಿಂತು ಮಾತಿಗೆ ಶುರುವಿಟ್ಟಳು. ಅತ್ತೆ ಬೆಳಗ್ಗೆ ಏನು ತಿಂದಳು, ಮಗಳ ಲೆಕ್ಕದ ಟೀಚರ್ ಹೇಗೆ, ಮದುವೆಯಲ್ಲಿ ಎಷ್ಟು ಬಗೆ ಸಿಹಿ ಮಾಡಿದ್ದರು, ಬೀಗರ ಊರು ಯಾವುದು. ಪ್ರತಿ ಮಾತಿಗೂ ನಾನು ಉತ್ತರ ಕೊಡಬೇಕು, ಕೊಡದಿದ್ದರೆ ಮತ್ತೆ ಕೇಳುತ್ತಾಳೆ. ಧಾರೂರಿನಲ್ಲಿ ಬಸ್ಸು ನಿಂತಿತು, ಮೂರ್ನಾಲ್ಕು ಜನ ಇಳಿದರು, ಅವಳ ಬಾಯಿ ನಿಲ್ಲಲಿಲ್ಲ. ತಾಂಡೂರು ಮುಟ್ಟುವಷ್ಟರಲ್ಲಿ ಈ ಹೆಂಗಸಿನ ಜೊತೆ ಇನ್ನು ಡ್ಯೂಟಿ ಮಾಡುವುದು ಸಾಕಪ್ಪ ಅನ್ನಿಸಿತ್ತು.

ತಾಂಡೂರಿನಲ್ಲಿ ಬಿಳಿ ಅಂಗಿಯವನು ಕಣ್ಣು ತೆರೆದ. ಹೆಸರು ದೇವಿದಾಸ. ಮಗಳಿಗೆ ಗಂಡು ನೋಡಲು ಧಾರೂರಿಗೆ ಹೊರಟಿದ್ದವನು. ಅವನು ಮತ್ತೊಂದು ಬಸ್ಸು ಹಿಡಿದು ವಾಪಸ್ ಹೋಗುವಷ್ಟರಲ್ಲಿ ಗಂಡಿನ ಕಡೆಯ ಹಿರಿಯರು ಕಾದು ಕಾದು ಎದ್ದು ಹೋಗಿದ್ದರಂತೆ. ಸಂಬಂಧ ಮುರಿಯಿತು. ಮೂರನೇ ದಿನ ಡಿಪೋಗೆ ಅರ್ಜಿ ಬಂತು: ತಾನು ಪೂರ್ತಿ ಎಚ್ಚರವಿದ್ದೆ, ಬಸ್ಸು ಧಾರೂರಿನಲ್ಲಿ ನಿಲ್ಲಿಸಲೇ ಇಲ್ಲ, ಕಂಡಕ್ಟರ್ ಬೆಲ್ ಹೊಡೆಯದೆ ಹರಟೆಯಲ್ಲಿದ್ದಳು.

ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ಸ್ವರೂಪಾಳನ್ನು ನಾರಾಯಣಖೇಡಕ್ಕೆ, ರಾತ್ರಿ ಹಾಲ್ಟ್ ಇರುವ ಡ್ಯೂಟಿಗೆ ಹಾಕುತ್ತೇವೆ ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟರು. ಅತ್ತೆಯ ಸೂಜಿ, ಮಗಳ ಹತ್ತನೇ ಇಯತ್ತೆ ಎಲ್ಲ ಅತಂತ್ರ.

ನಾನು ಮಾತ್ರ ನಿಶ್ಚಿಂತೆಯಿಂದಿದ್ದೆ. "ಫಿಕರ್ ಯಾಕ ಮಾಡ್ತಿ? ಫೋಟೋ ತೋರ್ಸು. ಬಾಯಿ ತಕ್ಕೊಂಡು ಮಲ್ಗ್ಯಾನ ಮಗ."

"ಫೋಟೋ ಇಲ್ಲರಿ."

"ಇಲ್ಲಂದ್ರ? ನಾ ನನ್ನ ಕಿವಿಲೇ ಕೇಳೀನಿ, ಕ್ಲಿಕ್ ಅಂತು!"

"ಅದು ಸರಿ ಬರಲಿಲ್ಲರಿ, ಅಳಸಿಬಿಟ್ಟೆ."

ಮೈಯೆಲ್ಲ ಉರಿದುಹೋಯಿತು. ಕಂಡ ಕಂಡ ನಾಯಿ ಕೋಳಿಗಳ ಫೋಟೋ ಸಾವಿರ ಸಾವಿರ ಕೂಡಿಟ್ಟುಕೊಂಡವಳು, ಹೊಟ್ಟೆಪಾಡು ಉಳಿಸುವ ಒಂದು ಫೋಟೋ ಅಳಿಸಿದಳಂತೆ! ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ವಿಚಾರಣೆ ಮ್ಯಾನೇಜರ್ ಕೋಣೆಯಲ್ಲಿ ನಡೆಯಿತು. ಮೇಜಿನ ಆ ಕಡೆ ಅವರು, ಈ ಕಡೆ ದೇವಿದಾಸ, ಸ್ವರೂಪಾ, ಸಾಕ್ಷಿಯಾಗಿ ನಾನು. ದೇವಿದಾಸ ತನ್ನ ಕತೆ ಹೇಳಿದ. ಸ್ವರೂಪಾ ತಲೆ ತಗ್ಗಿಸಿ ನಿಂತಳು. ಮ್ಯಾನೇಜರ್ ತೆಲುಗಿನಲ್ಲಿ, ಏನಾದರೂ ಹೇಳುವುದಿದೆಯಾ ಅಂತ ಎರಡು ಸಲ ಕೇಳಿದರು. ಅವಳು ಇಲ್ಲ ಅಂದಳು. ಅವರು ಪೆನ್ನು ಎತ್ತಿಕೊಂಡರು.

ನನ್ನಿಂದ ತಡೆಯಲಾಗಲಿಲ್ಲ. "ಸಾರ್, ಈಕಿ ಫೋನ್ ನೋಡ್ರಿ! ಈತ ಮಲ್ಗಿದ್ದು ಫೋಟೋ ಹೊಡದಾಳ. ಅಳಸೀನಿ ಅಂತಾಳ, ಏನೂ ಅಳಸಿಲ್ಲ. ಸತ್ತ ನಾಯಿ ಫೋಟೋ ಸುದ್ದಾ ಅಳಸೋ ಜಾತಿ ಅಲ್ಲ ಇದು!"

ಸ್ವರೂಪಾ ನನ್ನತ್ತ ನೋಡಿದ ನೋಟ ನನಗೆ ಅರ್ಥವಾಗಲಿಲ್ಲ. ಮ್ಯಾನೇಜರ್ ಕೈ ಚಾಚಿದರು. ಅವಳು ಫೋನ್ ಕೊಟ್ಟಳು.

ತಾರೀಕು ಹುಡುಕಿ ತೆಗೆದರು. ಫೋಟೋ ಇತ್ತು. ನೋಡಿ ಮ್ಯಾನೇಜರ್ ಗಟ್ಟಿಯಾಗಿ ನಕ್ಕು, ಫೋನನ್ನು ದೇವಿದಾಸನ ಮುಖದ ಮುಂದೆ ಹಿಡಿದರು. ಅವನ ತಲೆ ಹೆಗಲಿಗೆ ಒರಗಿತ್ತು, ಬಾಯಿ ಪೂರ್ತಿ ತೆರೆದಿತ್ತು. ದೇವಿದಾಸ ಕೆಂಪಾದ. ನನಗೋ ಹಬ್ಬ.

"ಆತ್ರಿ ಸಾಹೇಬ್ರೆ, ಮಲ್ಗಿದ್ದೆ," ಅಂದ ಅವನು. "ಸುಳ್ಳು ಬರದಿದ್ದು ನನ್ನ ತಪ್ಪು. ಆದ್ರ ಈ ಬಸ್ಸಿಗಿ ನಾ ಎಷ್ಟ್ ಸಲ ಬಂದೀನಿ. ಪ್ರತಿ ಊರಿಗಿ ಈಕಿ ಸೀಟ್ ಸೀಟಿಗಿ ಬಂದು ಒದರ್ತಾಳ. ಅವತ್ತ ಒಬ್ಬ ನನ್ನೇ ಯಾಕ ಎಬ್ಬಸಲಿಲ್ಲ? ನನ್ನ ಮಗಳ ಸಂಬಂಧ ಹೋತು ಅಲ್ರಿ!"

ಮ್ಯಾನೇಜರ್ ನಗು ನಿಲ್ಲಿಸಿದರು. ಧಾರೂರು ಬಂತೆಂದು ಕೂಗಿದೆಯಾ ಅಂತ ಸ್ವರೂಪಾಳನ್ನು ಕೇಳಿದರು. ಅವಳು ಇಲ್ಲ ಅಂದಳು. ಯಾಕೆ ಅಂದರು. ಮಲಗಿದವನ ಫೋಟೋ ತೆಗೆಯಲು ಪುರಸೊತ್ತಿತ್ತು, ಎಬ್ಬಿಸಲು ಇರಲಿಲ್ಲವಾ ಅಂತ ರೇಗಿದರು. ಇದು ಅರ್ಜಿಗಿಂತ ಕೆಟ್ಟದಾಯಿತು ಅಂತ ಮತ್ತೆ ಪೆನ್ನು ಎತ್ತಿಕೊಂಡು, ಫೋನನ್ನು ಮೇಜಿನ ಮೇಲೆ ಸರಿಸಿದರು. ಅದು ನನ್ನ ಮುಂದೆ ಬಂದು ನಿಂತಿತು.

ನಾನು ಸಿಟ್ಟಿನಿಂದಲೇ ಎತ್ತಿಕೊಂಡೆ. ಇಷ್ಟಾದ ಮೇಲೂ ಬಾಯಿ ಬಿಡದಂಥದ್ದು ಏನಿದೆ ಇದರಲ್ಲಿ ಅಂತ ಫೋಟೋವನ್ನು ದೊಡ್ಡದು ಮಾಡಿದೆ. ದೇವಿದಾಸನ ಹಿಂದೆ ಕಿಟಕಿಯಲ್ಲಿ ಅನಂತಗಿರಿಯ ಗಿಡಗಳು ಓಡುತ್ತ ಮಸುಕಾಗಿದ್ದವು. ಮೇಲೆ, ಮೂಲೆಯಲ್ಲಿ, ಡ್ರೈವರಿನ ಕನ್ನಡಿ. ಅದರಲ್ಲಿ ನನ್ನ ಮುಖ. ಎರಡೂ ಕಣ್ಣು ಮುಚ್ಚಿದ್ದವು.

ನಾನು ಮಲಗಿದ್ದು ನನಗೆ ಗೊತ್ತೇ ಇರಲಿಲ್ಲ. ಇಳಿಜಾರಿನಲ್ಲಿ, ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು, ನಾನು ಮಲಗಿದ್ದೆ. ಅವಳು ನನ್ನನ್ನು ಎಬ್ಬಿಸಿದ್ದಳು, ಮತ್ತೆ ಮಲಗದಂತೆ ತಾಂಡೂರಿನವರೆಗೆ ಕಾವಲು ನಿಂತಿದ್ದಳು. ನನ್ನ ಬಿಟ್ಟು ಹೋಗಿ ಸೀಟು ಸೀಟಿಗೆ ಕೂಗುವ ಧೈರ್ಯ ಅವಳಿಗೆ ಹೇಗೆ ಬಂದೀತು? ಆ ಹೆಂಗಸನ್ನು ಎರಡು ದಿನ ಮಾತು ಬಿಟ್ಟು ಸತಾಯಿಸಿದ್ದೆನಲ್ಲ ಅಂತ ನಾಚಿಕೆಯಾಯಿತು. ಸುಮ್ಮನೆ ಫೋನ್ ಕೆಳಗಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಡಬೇಕು ಅಂತ ಒಂದು ಗಳಿಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ಸಾರ್, ಬರೀಬ್ಯಾಡ್ರಿ," ಅಂದೆ. "ಮ್ಯಾಲ ಕನ್ನಡಿ ನೋಡ್ರಿ. ಮಲ್ಗಿದವ ನಾ. ಈಕಿ ನನ್ನ ಎಬ್ಬಸಾಕ ಹೋಗಿ ಈತನ್ನ ಬಿಟ್ಟಾಳ."

ಸ್ವರೂಪಾ ಹಣೆ ಹಣೆ ಬಡಿದುಕೊಂಡಳು. "ಅಣ್ಣಾ, ನಿಮಗ ಒಂದ್ ದಿನಾನಾದ್ರೂ ಸುಮ್ಮ ಇರಾಕ ಬರಲ್ಲೇನ್ರಿ? ಆಗನೂ ಒದರಿದ್ರಿ, ಈಗನೂ ಒದರಿದ್ರಿ!"

ದೇವಿದಾಸ ಫೋಟೋವನ್ನು ಬಹಳ ಹೊತ್ತು ನೋಡಿದ. "ಅಂದ್ರ ನಾವಿಬ್ರೂ ಮಲ್ಗಿದ್ವಿ ಅನ್ರಿ," ಅಂದ. ಆಮೇಲೆ ಅರ್ಜಿ ಕೇಳಿ ವಾಪಸ್ ತೆಗೆದುಕೊಂಡು, ಸ್ವರೂಪಾಳಿಗೆ ಕೈ ಮುಗಿದು ಹೊರಟುಹೋದ. ನನಗೆ ಕೈ ಮುಗಿಯಲಿಲ್ಲ, ಮುಗಿಯಬೇಕಾಗಿಯೂ ಇರಲಿಲ್ಲ.

ನನ್ನನ್ನು ಸ್ಟಿಯರಿಂಗಿನಿಂದ ಇಳಿಸಿ ಗ್ಯಾರೇಜಿಗೆ ಹಾಕಿದರು. ಸ್ವರೂಪಾ ಅದೇ ರೂಟಿನಲ್ಲಿದ್ದಾಳೆ. ಫೋಟೋ ಯಾಕೆ ಇಟ್ಟುಕೊಂಡಿದ್ದೆ ಅಂತ ಆಮೇಲೊಮ್ಮೆ ಕೇಳಿದೆ. "ನಿಮಗ ತೋರ್ಸಿ ಬೈಬೇಕಂತ ಇಟ್ಟಿದ್ದೆ. ಧೈರ್ಯ ಆಗಲಿಲ್ಲ," ಅಂದಳು. ಈಗ ಅಳಿಸಲಾ ಅಂತ ಕೇಳಿದಳು. ಬೇಡ, ನನಗೆ ಕಳಿಸು ಅಂದೆ.

ಮಧ್ಯಾಹ್ನ ಊಟವಾದ ಮೇಲೆ ಗ್ಯಾರೇಜಿನಲ್ಲಿ ಎಲ್ಲರೂ ಟೈರುಗಳಿಗೆ ಒರಗಿ ಒಂದು ನಿದ್ದೆ ತೆಗೆಯುತ್ತಾರೆ. ನನಗೆ ಬರುವುದಿಲ್ಲ. ನಾನು ಆ ಫೋಟೋ ತೆಗೆದು ನೋಡುತ್ತೇನೆ. ಅವತ್ತು ಮ್ಯಾನೇಜರ್ ಕೋಣೆಯಲ್ಲಿ ಗಮನಿಸದೇ ಇದ್ದದ್ದು ಈಗ ಕಾಣುತ್ತದೆ. ಕನ್ನಡಿಯಲ್ಲಿ ನನ್ನ ಮುಖದ ಹಿಂದೆ, ತೂಕಡಿಸುತ್ತಿರುವ ತಾಯಿಯ ಹೆಗಲ ಮೇಲೆ ಒಂದು ಹೆಣ್ಣು ಕೂಸು. ಅದಕ್ಕೆ ಪೂರ್ತಿ ಎಚ್ಚರವಿದೆ, ಮುಚ್ಚಿದ ನನ್ನ ಕಣ್ಣುಗಳನ್ನೇ ನೋಡುತ್ತಿದೆ.